ಅರಿವೆಯೂ ಅರಿವೂ

ಅನ್ನ, ಅರಿವೆ, ಆಸರೆ ಎಂಬ ಮೂರು ಅಗತ್ಯಗಳಲ್ಲಿ ಅರಿವೆಗೆ ಶರಣ ಪರಂಪರೆಯಲ್ಲಿ ವಿಶೇಷವಾದ ಸ್ಥಾನವಿದೆ. ವಚನಕಾರರಲ್ಲಿ ಆದ್ಯರೆಂದು ಗಣಿಸಲ್ಪಡುವ ಮುದನೂರಿನ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ಬಟ್ಟೆ ನೇಯ್ದವರು. ಅವರ ಹೆಸರಿಗೆ ಅಂಟಿಕೊಂಡಿರುವ ‘ಜೇಡರ’ ಎಂಬ ಮಾತೇ ನೇಯ್ಗೆಯನ್ನು ಸೂಚಿಸುತ್ತದೆ. ಅಮುಗೆ ದೇವಯ್ಯ ಮತ್ತು ರಾಯಮ್ಮ ದಂಪತಿಗಳದೂ ಅದೇ ಕಾಯಕ. ಆದುದರಿಂದ ಬಟ್ಟೆ ಕೊಳ್ಳುವ ವಿಚಾರವನ್ನು ಈ ಅಂಕಣದಲ್ಲಿ ಎತ್ತಿಕೊಂಡರೆ ಅದು ಅಪ್ರಸ್ತುತವಾಗಲಾರದು ಎಂದು ಭಾವಿಸುತ್ತೇನೆ.

ಈ ಸಂಚಿಕೆಯು ತಮ್ಮ ಕೈಸೇರುವ ಹೊತ್ತಿಗೆ ಆಷಾಢವು ಕಾಲಿಟ್ಟಿರುತ್ತದೆ. ಪೇಟೆಯ ಬೀದಿಗಳಲ್ಲಿ ‘ಆಷಾಢದ ಭಾರಿ ರಿಯಾಯಿತಿ’ ಎಂಬ ಫಲಕಗಳು ತೂಗಾಡುತ್ತವೆ. ವರ್ಷದ ಉಳಿದ ತಿಂಗಳುಗಳಲ್ಲಿ ಒಂದು ರೂಪಾಯಿಯನ್ನೂ ಬಿಡದ ಅಂಗಡಿಗಳು ಈ ತಿಂಗಳಲ್ಲಿ ಅರ್ಧ ಬೆಲೆಗೆ ಕೊಡುತ್ತೇವೆಂದು ಕರೆಯುತ್ತವೆ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಆಷಾಢವು ಶುಭಕಾರ್ಯಕ್ಕೆ ಯೋಗ್ಯವಲ್ಲವೆಂಬ ನಂಬುಗೆಯಿಂದ ಮದುವೆಗಳು ನಿಲ್ಲುತ್ತವೆ. ಜವಳಿ ವ್ಯಾಪಾರ ಇಳಿಯುತ್ತದೆ. ಮುಂದೆ ಶ್ರಾವಣದ ಹಬ್ಬಗಳಿಗೆ ಹೊಸ ಮಾಲು ಬರಬೇಕಾದರೆ ಹಳೆಯ ದಾಸ್ತಾನು ಖಾಲಿಯಾಗಬೇಕು. ವ್ಯಾಪಾರಿಯು ಬೆಲೆಯನ್ನು ಇಳಿಸುವುದು ಈ ಲೆಕ್ಕದ ಮೇಲೆಯೇ ಹೊರತು ಔದಾರ್ಯದಿಂದಲ್ಲ; ಅದರಲ್ಲಿ ತಪ್ಪೂ ಇಲ್ಲ.

ದಿನ, ತಿಥಿ, ಮುಹೂರ್ತಗಳಲ್ಲಿ ಒಳ್ಳೆಯದು ಕೆಟ್ಟದ್ದೆಂಬ ಭೇದವನ್ನು ಶರಣರು ಒಪ್ಪಲಿಲ್ಲ. ಹಾಗಿರುವಾಗ, ಉಳಿದವರು ಅಶುಭವೆಂದು ಹಿಂಜರಿಯುವ ತಿಂಗಳಲ್ಲಿ ಶರಣರ ಮಕ್ಕಳು ಮಾಗಿಯ ಮದುವೆಗೆ ಬೇಕಾದ ಬಟ್ಟೆಯನ್ನು ಕಡಿಮೆ ಬೆಲೆಗೆ ತಂದಿಟ್ಟುಕೊಂಡರೆ ಅದು ಜಾಣತನವೇ. ಮಿತವ್ಯಯವು ಗೃಹಸ್ಥನ ಧರ್ಮ. ಆದರೆ ಅಗ್ಗವೆಂದು ಕಂಡದ್ದೆಲ್ಲ ಅಗ್ಗವಲ್ಲವೆಂಬುದನ್ನು ನಾನು ನನ್ನ ಅನುಭವದಿಂದಲೇ ಕಲಿತೆ. ಆ ಪ್ರಸಂಗವನ್ನು ಮುಚ್ಚಿಡದೆ ಇಲ್ಲಿ ನಿವೇದಿಸುತ್ತೇನೆ.

ನನ್ನ ತಂಗಿಯನ್ನು ಇಳಕಲ್ಲಿನ ಸಮೀಪದ ಒಂದು ಊರಿಗೆ ಕೊಟ್ಟಿದೆ. ಪಂಚಮಿಗೆ ತಂಗಿಗೊಂದು ಸೀರೆ ಕೊಡುವುದು ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದ ಪದ್ಧತಿ. ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ಮನೆಯವರೊಡನೆ ನಗರದ ಒಂದು ದೊಡ್ಡ ಜವಳಿ ಅಂಗಡಿಗೆ ಹೋದೆ. ‘ಶೇಕಡಾ 50ರ ಮೇಲೆ ಮತ್ತೆ 20’ ಎಂಬ ಫಲಕವಿತ್ತು. ಕೆಂಪು ಸೆರಗಿನ ಒಂದು ಇಳಕಲ್ ಸೀರೆ ಮನಸ್ಸಿಗೆ ಬಂತು. ಚೀಟಿಯಲ್ಲಿ 3,200 ರೂಪಾಯಿ. “ಅಪ್ಪಟ ಕೈಮಗ್ಗದ್ದು ಸಾರ್” ಎಂದನು ಅಂಗಡಿಯ ಹುಡುಗ. 50 ಮತ್ತು 20 ಸೇರಿ 70 ಆಯಿತೆಂದು ಮನಸ್ಸಿನಲ್ಲೇ ಕೂಡಿಸಿ, 960 ರೂಪಾಯಿ ಎಣಿಸಿಟ್ಟುಕೊಂಡು ಹಣ ಕಟ್ಟುವಲ್ಲಿಗೆ ಹೋದೆ. ಅಲ್ಲಿ ಕೇಳಿದ್ದು 1,344! ಲೆಕ್ಕ ಹೀಗೆ: 3,200ರಲ್ಲಿ ಅರ್ಧ 1,600, ಆ 1,600ರಲ್ಲಿ ಶೇಕಡಾ 20 ಕಳೆದರೆ 1,280. ಅಂದರೆ ನಿಜವಾದ ರಿಯಾಯಿತಿ ಶೇಕಡಾ 60 ಮಾತ್ರ. ಅದರ ಮೇಲೆ ತೆರಿಗೆಯೆಂದು 64 ರೂಪಾಯಿ. ಶಾಲೆಯಲ್ಲಿ ಕಲಿತ ಲೆಕ್ಕವನ್ನು ಫಲಕದ ಮುಂದೆ ಮರೆತಿದ್ದೆ. ಹಿಂದೆ ಜನ ನಿಂತಿದ್ದರು. ಸಂಕೋಚದಿಂದ ಕೊಟ್ಟು ಬಂದೆ.

ಶ್ರಾವಣದಲ್ಲಿ ತಂಗಿಯ ಊರಿನ ಮಠದಲ್ಲಿ ನನ್ನ ಪ್ರವಚನವಿತ್ತು. ಸೀರೆಯನ್ನು ಕೊಟ್ಟೆ, ತಂಗಿ ಹಿಗ್ಗಿದಳು. ಆ ಹೊತ್ತಿಗೆ ನೆರೆಮನೆಯ ನೇಕಾರ ಮನೆತನದ ಹಿರಿಯಳೊಬ್ಬಳು ಬಂದಳು. ಆಕೆಯ ಕೈಗೆ ಸೀರೆ ಕೊಟ್ಟು ತಂಗಿ, “ನಮ್ಮಣ್ಣ ತಂದಾನ ನೋಡಬೇ” ಎಂದಳು. ಆಕೆ ಸೆರಗು ಮತ್ತು ಒಡಲು ಕೂಡುವ ಜಾಗವನ್ನು ತಿರುವಿ, ಹಿಂಬದಿಯಲ್ಲಿ ಬೆರಳಾಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನೇ ಕೇಳಿದೆ. “ಗುರುಗಳ, ಸಿಟ್ಟಾಗಬ್ಯಾಡ್ರಿ. ಸೀರಿ ನೋಡಾಕ ಛಂದ ಐತಿ. ಆದ್ರ ಇದಕ್ಕ ಕೊಂಡಿ ಇಲ್ಲ. ಇದು ನಮ್ಮ ಮಗ್ಗದ್ದಲ್ರಿ” ಎಂದಳು.

ಕೊಂಡಿ ಎಂಬುದು ಇಳಕಲ್ ಸೀರೆಯ ಜೀವಾಳ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆ ಎಳೆಯನ್ನೂ ಒಂದಕ್ಕೊಂದು ಕುಣಿಕೆಯಾಗಿ ಕೋದು ಜೋಡಿಸುವುದೇ ಕೊಂಡಿ. ಇದಕ್ಕಾಗಿ ಪ್ರತಿಯೊಂದು ಸೀರೆಗೂ ಬೇರೆಯಾಗಿಯೇ ಹಾಸು ಹೂಡಬೇಕಾಗುತ್ತದೆ. ಗೋಮಿ, ಪರಾಸಪೇಟ, ಗಾಡಿ ಮುಂತಾದ ಅಂಚುಗಳುಳ್ಳ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನಾನು ತಂದ ಸೀರೆಯಲ್ಲಿ ಒಂದೇ ಹಾಸು ಈ ತುದಿಯಿಂದ ಆ ತುದಿಯವರೆಗೆ ಸಾಗಿತ್ತು. ಕೆಂಪು ಬಣ್ಣ ಮಾತ್ರ ಸೆರಗಿನಂತೆ ಕಾಣುತ್ತಿತ್ತು. “ನೀವು ಕೊಟ್ಟ ರೊಕ್ಕಕ್ಕ ನಮ್ಮ ಸೀರಿ ನೂಲೂ ಬರಂಗಿಲ್ರಿ” ಎಂದು ಆಕೆ ಸೇರಿಸಿದಳು. ಆ ಮಾತಿನಲ್ಲಿ ದೂರು ಇರಲಿಲ್ಲ. ಆಕೆಯ ಮನೆಯ ಎರಡು ಕುಣಿಮಗ್ಗಗಳಲ್ಲಿ ಒಂದು ಆಗಲೇ ನಿಂತಿತ್ತೆಂದು ತಂಗಿ ಆಮೇಲೆ ಹೇಳಿದಳು.

ಅಂದಿನ ಸಂಜೆಯ ಪ್ರವಚನದ ವಿಷಯ ದಾಸಿಮಯ್ಯನವರ ಚರಿತ್ರೆ. ಅವರು ನೇಯ್ದ ದಿವ್ಯವಾದ ವಸ್ತ್ರಕ್ಕೆ ಪೇಟೆಯಲ್ಲಿ ಬೆಲೆ ಕಟ್ಟುವವರೇ ಸಿಗದೆ ಮರಳುವಾಗ, ಶಿವನು ಮುಪ್ಪಿನ ಜಂಗಮನಾಗಿ ಬಂದು ಬೇಡಿದನೆಂದೂ, ಅವರು ಕೊಟ್ಟ ವಸ್ತ್ರವನ್ನು ಅವರೆದುರೇ ಹರಿದರೂ ಅವರು ನೊಂದುಕೊಳ್ಳದಿರಲು ಮೆಚ್ಚಿ ತವನಿಧಿಯನ್ನು ಅನುಗ್ರಹಿಸಿದನೆಂದೂ ಪುರಾಣವು ಹೇಳುತ್ತದೆ. ಎಷ್ಟೋ ಸಲ ಹೇಳಿದ ಕಥೆ. ಆದರೆ ಸಭೆಯ ಮುಂದಿನ ಸಾಲಿನಲ್ಲಿ ಆ ಹಿರಿಯಳು ಕೈಮುಗಿದು ಕುಳಿತಿದ್ದಳು. ಕಾಯಕದ ಹಿರಿಮೆಯನ್ನು ಹೇಳುವ ನಾಲಗೆ ಅಂದು ತಡವರಿಸಿತು. ಕಾಯಕವನ್ನು ಹೊಗಳುವ ನಾನು ಆ ಕಾಯಕದ ಫಲವನ್ನು ಗುರುತಿಸಲಾರದೆ ಹೋಗಿದ್ದೆ. ಅರಿವನ್ನು ಬೋಧಿಸುವವನಿಗೆ ಅರಿವೆಯ ಅರಿವಿರಲಿಲ್ಲ. ಬೋಧೆಯ ನಡುವೆ ಈ ಸಂಗತಿಯನ್ನು ಹೇಳಿ ಸಭೆಯ ಕ್ಷಮೆ ಕೇಳಿದ ಮೇಲೆಯೇ ಮುಂದಿನ ಮಾತು ಸರಾಗವಾಯಿತು.

ಅಂದಿನಿಂದ ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಸಂಗ್ರಹಿಸಿಕೊಂಡ ಕೆಲವು ಅಂಶಗಳನ್ನು ನಮ್ಮ ಮನೆಮನೆಯ ತಾಯಂದಿರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ.

ಮೊದಲನೆಯದು ಲೆಕ್ಕ. ರಿಯಾಯಿತಿಯ ಮೇಲಿನ ರಿಯಾಯಿತಿಯನ್ನು ಕೂಡಿಸಬಾರದು. ಮೇಲೆ ಹೇಳಿದಂತೆ ಒಂದಾದ ಮೇಲೊಂದು ಕಳೆಯಬೇಕು. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು, ಮೂರೂ ಸಮಬೆಲೆಯವಾದರೆ, ಶೇಕಡಾ 33ರ ರಿಯಾಯಿತಿ. ಬೆಲೆಗಳು ಬೇರೆ ಬೇರೆಯಾದರೆ ಉಚಿತವಾಗಿ ಬರುವುದು ಸಾಮಾನ್ಯವಾಗಿ ಅತಿ ಕಡಿಮೆ ಬೆಲೆಯದು. ಆಗ ಲಾಭ ಇನ್ನೂ ಕಡಿಮೆ. ‘ಶೇಕಡಾ 70ರವರೆಗೆ’ ಎಂಬಲ್ಲಿ ‘ವರೆಗೆ’ ಎಂಬುದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಆ 70 ದೊರೆಯುವುದು ಒಂದು ಮೂಲೆಯ ನಾಲ್ಕಾರು ಬಟ್ಟೆಗಳಿಗೆ ಮಾತ್ರ. ಚೀಟಿಯ ಮೇಲಿನ ಬೆಲೆಯಿಂದ ಎಷ್ಟು ಇಳಿಯಿತೆಂದು ಹಿಗ್ಗುವ ಬದಲು, ಈ ಬಟ್ಟೆಗೆ ಇಷ್ಟು ಹಣ ಸರಿಯೇ ಎಂದು ಕೇಳಿಕೊಳ್ಳಬೇಕು.

ಎರಡನೆಯದು ತೆರಿಗೆ. ಬಟ್ಟೆಯ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರಲ್ಲಿ ರಿಯಾಯಿತಿ ಕಳೆದು, ಉಳಿದುದರ ಮೇಲೆ ಮತ್ತೆ ತೆರಿಗೆ ಕೇಳುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2017ರಲ್ಲಿ ತೀರ್ಪಿತ್ತಿದೆ. ನಾನು ಸಂಕೋಚದಿಂದ ಕೊಟ್ಟ 64 ರೂಪಾಯಿಯನ್ನು ತಾವು ಕೊಡಬೇಕಾಗಿಲ್ಲ.

ಮೂರನೆಯದು ರಸೀದಿ. ಕೈಮಗ್ಗವೆಂದು ಬಾಯಿಂದ ಹೇಳಿದರೆ ಸಾಲದು. ಹಾಗೆಂದು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಬರೆಯಲು ಹಿಂಜರಿದರೆ ಅಲ್ಲಿಯೇ ಉತ್ತರ ದೊರೆತಂತೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ರಸೀದಿ ಕೊಡದಿರುವುದೂ, ದೋಷವುಳ್ಳ ಸರಕನ್ನು ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿಯನ್ನು ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರವೆನಿಸುತ್ತದೆ. ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಮುದ್ರಿತ ವಾಕ್ಯವನ್ನು ಕಂಡು ಅಂಜಬೇಕಾಗಿಲ್ಲ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರವಾಣಿಯ ಮೂಲಕ ದೂರು ಕೊಡಬಹುದು. ನನ್ನ ರಸೀದಿಯಲ್ಲಿ ‘ಸೀರೆ 1’ ಎಂದಷ್ಟೇ ಇದ್ದುದರಿಂದ ನಾನು ದೂರುವಂತಿರಲಿಲ್ಲ.

ನಾಲ್ಕನೆಯದು ಬಟ್ಟೆಯ ಪರೀಕ್ಷೆ. ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಬಂದಿರುವ ‘ಸಿಲ್ಕ್ ಮಾರ್ಕ್’ ಮುದ್ರೆಯು ರೇಷ್ಮೆ ಶುದ್ಧವೆಂದು ಹೇಳುತ್ತದೆ. ಅದು ಕೈಮಗ್ಗದ್ದೆಂದು ಹೇಳುವುದಿಲ್ಲ. ಅದಕ್ಕೆ 2006ರಲ್ಲಿ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಎಂಬ ಬೇರೆ ಮುದ್ರೆಯಿದೆ. ಈ ಎರಡನ್ನೂ ಒಂದೆಂದು ತಿಳಿದು ಮೋಸಹೋಗುವವರು ಬಹಳ. ಮನೆಯಲ್ಲಿ ಅಂಚಿನ ಒಂದೆರಡು ಎಳೆಗಳನ್ನು ತೆಗೆದು ಎಚ್ಚರಿಕೆಯಿಂದ ಸುಟ್ಟು ನೋಡಿದರೆ ಹತ್ತಿಯು ಕಾಗದ ಸುಟ್ಟ ವಾಸನೆ ಬೀರಿ ಹಗುರವಾದ ಬೂದಿಯಾಗುತ್ತದೆ. ರೇಷ್ಮೆಯು ಕೂದಲು ಸುಟ್ಟಂತೆ ನಾರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸಿದ್ಧ ಉಡುಪುಗಳಾದರೆ ಒಳಮಗ್ಗುಲನ್ನು ಹೊರಳಿಸಿ ಹೊಲಿಗೆ, ಕಂಕುಳ, ಗುಂಡಿ, ಜಿಪ್ಪುಗಳನ್ನು ನೋಡಬೇಕು. ರಫ್ತಿಗೆಂದು ತಯಾರಾಗಿ ಉಳಿದ ಉಡುಪುಗಳು ಬೆಂಗಳೂರಿನಂಥ ನಗರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ. ಅವುಗಳಲ್ಲಿ ಒಳ್ಳೆಯವೂ ಇವೆ, ಕಲೆ ಬಿದ್ದು ತಿರಸ್ಕೃತವಾದವೂ ಇವೆ. ಹಗಲು ಬೆಳಕಿಗೆ ಹಿಡಿದು ನೋಡಿದವರಿಗೆ ನಷ್ಟವಿಲ್ಲ.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ವಿದ್ಯುತ್ ಮಗ್ಗದ ಬಟ್ಟೆ ಕೀಳೆಂದು ನಾನು ಹೇಳುತ್ತಿಲ್ಲ. ದೊಡ್ಡಬಳ್ಳಾಪುರ ಮುಂತಾದ ಊರುಗಳಲ್ಲಿ ಅದನ್ನೇ ನಂಬಿದ ಕುಟುಂಬಗಳು ಅಸಂಖ್ಯ, ಅದೂ ಕಾಯಕವೇ. ಅದನ್ನು ಅದರದೇ ಹೆಸರಿನಲ್ಲಿ ಮಾರಿದರೆ ಯಾರಿಗೂ ಅನ್ಯಾಯವಿಲ್ಲ. ಒಬ್ಬನ ಕಾಯಕದ ಹೆಸರನ್ನು ಇನ್ನೊಂದಕ್ಕೆ ಅಂಟಿಸಿ ಮಾರುವುದೇ ದೋಷ. ನಮ್ಮ ಸಮಾಜದಲ್ಲಿ ತಲೆತಲಾಂತರದಿಂದ ಜವಳಿ ಅಂಗಡಿ ನಡೆಸುವ ಬಣಜಿಗ ಬಂಧುಗಳು ಅನೇಕರಿದ್ದಾರೆ. ಸತ್ಯಶುದ್ಧವಾದ ಅಳತೆಕೋಲು ಅವರ ಕೈಯಲ್ಲಿರಲೆಂದು ಬೇಡುವ ಸಲಿಗೆ ನನಗಿದೆಯೆಂದು ತಿಳಿದಿದ್ದೇನೆ.

ಹಾಗಾದರೆ ನೇಕಾರನ ಹೊಟ್ಟೆಗೆ ಹೊಡೆಯದ ಅಗ್ಗ ಎಲ್ಲಿದೆ? ಖಾದಿ ಭಂಡಾರಗಳು ಪ್ರತಿವರ್ಷ ಗಾಂಧಿ ಜಯಂತಿಯಿಂದ ರಿಯಾಯಿತಿಯ ಮಾರಾಟ ನಡೆಸುತ್ತವೆ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿಯೂ, ನೇಕಾರರ ಸಹಕಾರ ಸಂಘಗಳಲ್ಲಿಯೂ ಹಬ್ಬದ ದಿನಗಳಲ್ಲಿ ಬೆಲೆ ಇಳಿಯುವುದುಂಟು. 1905ರ ಸ್ವದೇಶಿ ಚಳವಳಿಯ ನೆನಪಿಗೆ ಆಗಸ್ಟ್ 7ನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸುತ್ತಿರುವುದರಿಂದ ಆ ಸುಮಾರಿಗೆ ಮೇಳಗಳೂ ನಡೆಯುತ್ತವೆ. ಇವೆಲ್ಲಕ್ಕಿಂತ ಮೇಲಾದುದು ಮಗ್ಗವಿರುವ ಊರಿಗೇ ಹೋದಾಗ ಅಲ್ಲಿಯೇ ಕೊಳ್ಳುವುದು. ನಡುವಿನ ಕೈಗಳು ಕಡಿಮೆಯಾದಷ್ಟೂ ಕೊಳ್ಳುವವರಿಗೂ ಉಳಿತಾಯ, ನೇಯ್ದವರಿಗೂ ಎರಡು ಕಾಸು ಹೆಚ್ಚು.

ಕೊನೆಯದಾಗಿ ಒಂದು ಹಳೆಯ ಕಥೆಯ ನೆನಪು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಆ ಅಕ್ಕಿಗೆ ಬೆಲೆಯೇ ಇರಲಿಲ್ಲ. ಅದಕ್ಕಿಂತ ಅಗ್ಗವಾದುದು ಯಾವುದಿದೆ? ಆದರೂ ಬೇಡವೆಂದರು. ಬೇಡದ ವಸ್ತುವು ಅರ್ಧ ಬೆಲೆಗೆ ಬಂದರೂ ಪೂರ್ಣ ನಷ್ಟವೇ. ಇಳಕಲ್ಲಿನ ಪೂಜ್ಯ ಮಹಾಂತ ಅಪ್ಪಗಳು, 2018ರಲ್ಲಿ ಲಿಂಗೈಕ್ಯರಾದವರು, 1975ರಿಂದ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅಗ್ಗವೆಂದು ಕೊಳ್ಳುತ್ತಲೇ ಇರುವ ಹವ್ಯಾಸವನ್ನೂ ಆ ಜೋಳಿಗೆಗೆ ಹಾಕಬಹುದಿತ್ತೆಂದು ನನಗೆ ಅನ್ನಿಸುತ್ತದೆ. ಅಂಗಡಿಗೆ ಹೊರಡುವ ಮೊದಲು ಮನೆಯ ಟ್ರಂಕನ್ನು ಒಮ್ಮೆ ತೆರೆದು ನೋಡುವುದು, ಯಾರಿಗೆ ಏನು ಬೇಕೆಂದು ಚೀಟಿ ಬರೆದುಕೊಳ್ಳುವುದು, ಉಡದೆ ಇಟ್ಟಿರುವ ಒಳ್ಳೆಯ ಬಟ್ಟೆಯನ್ನು ಇಲ್ಲದವರಿಗೆ ಕೊಡುವುದು: ಈ ಮೂರನ್ನು ಮಾಡಿದರೆ ಮಿತವ್ಯಯವೂ ಆಯಿತು, ದಾಸೋಹವೂ ಆಯಿತು.

ಕಳೆದ ಪಂಚಮಿಗೆ ನಾನು ಸೀರೆ ಒಯ್ಯಲಿಲ್ಲ. ತಂಗಿಯ ಊರಿಗೆ ಬರಿಗೈಯಲ್ಲಿ ಹೋಗಿ, ಆ ನೇಕಾರ ತಾಯಿಯ ಮನೆಯಲ್ಲಿಯೇ ಒಂದು ಸೀರೆ ಕೊಂಡೆ. ಕೊಂಡಿಯ ಸಾಲನ್ನು ನಾನೇ ಬೆರಳಿನಿಂದ ಮುಟ್ಟಿ ನೋಡಿದೆ. ಆಕೆ ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಎಣಿಸಿ ಕೊಟ್ಟಾಗ, ಅದರಲ್ಲಿ ನೂರರ ಒಂದು ನೋಟನ್ನು ಆಕೆ ತಿರುಗಿ ನನ್ನ ಕೈಗಿಟ್ಟು, “ಪಂಚಮಿ ಐತಿ, ತಂಗಿಗೆ ಉಂಡಿ ತಿನಸ್ರಿ” ಎಂದಳು. ಬೇಡವೆಂದರೂ ಕೇಳಲಿಲ್ಲ.

ಬದುಕಿನಲ್ಲಿ ಅನೇಕ ರಿಯಾಯಿತಿಗಳನ್ನು ಕಂಡಿದ್ದೇನೆ. ಕೊಡುವವರು ಮನಸಾರೆ ಕೊಟ್ಟು, ಪಡೆಯುವವನು ಅರಿತು ಪಡೆದ ರಿಯಾಯಿತಿ ಅದೊಂದೇ. ಈ ಆಷಾಢದಲ್ಲಿ ತಾವೆಲ್ಲರೂ ಕೊಳ್ಳುವ ಅರಿವೆಯಲ್ಲಿ ಅರಿವೂ ಹಾಸುಹೊಕ್ಕಾಗಿರಲೆಂದು ಹಾರೈಸುತ್ತೇನೆ.