ಮಕ್ಕಳ ಸುಪರ್ದಿ: ಕರ್ನಾಟಕ ಇನ್ನೂ ಏಕೆ ಕಾಯಬೇಕು?

ಬೇರೆಯಾದ ತಂದೆ ತಾಯಿಯರ ಮಕ್ಕಳ ಸುಪರ್ದಿಗೆ ಸಂಬಂಧಿಸಿದ ಕಾನೂನು ಬದಲಿಸಿ ಎಂದು ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ 2015ರ ಮೇ ತಿಂಗಳಲ್ಲೇ ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಆಯೋಗದ 257ನೇ ವರದಿಯಲ್ಲಿ ತಿದ್ದುಪಡಿಯ ಕರಡೂ ಇತ್ತು. ಆ ವರ್ಷ ಹುಟ್ಟಿದ ಕೂಸುಗಳು ಬೆಳೆದು ಮಾಧ್ಯಮಿಕ ಶಾಲೆ ಸೇರಿದ್ದಾಯಿತು, ಕರಡು ಮಾತ್ರ ಕಡತ ಬಿಟ್ಟು ಕದಲಲಿಲ್ಲ. ಈ ವಿಳಂಬದ ನೋವು ಉಣ್ಣುವವರಿಗೆ ಮತ ಹಾಕುವ ವಯಸ್ಸಾಗಿಲ್ಲ. ಅದಕ್ಕೇ ಯಾವ ಸರ್ಕಾರಕ್ಕೂ ಅವಸರವಿಲ್ಲ.

ಈಗಿರುವ ಕಾನೂನನ್ನು ನೋಡಿ. ಹಿಂದೂಗಳಿಗೆ ಅನ್ವಯಿಸುವ 1956ರ ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, ಅವನ ನಂತರ ತಾಯಿ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಅಂದರೆ ನಿದ್ದೆಗೆಟ್ಟು ಸಾಕುವ ಹೊಣೆ ಅವಳದು, ಅಧಿಕಾರ ಅವನದು. ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್, ತಂದೆ ಮಗುವಿನ ಹೊಣೆ ಹೊರದಿದ್ದರೆ ಅವನು ಬದುಕಿರುವಾಗಲೇ ತಾಯಿ ಪೋಷಕಿಯಾಗಬಹುದು ಎಂದಿತು. ಅಲ್ಲಿಯೂ ಅವಳಿಗೆ ದಕ್ಕಿದ್ದು ಎರಡನೆಯ ಸ್ಥಾನವೇ. ಈ ತಾರತಮ್ಯ ತೆಗೆದು ಇಬ್ಬರನ್ನೂ ಸಮಾನ ಪೋಷಕರನ್ನಾಗಿ ಮಾಡಿ ಎಂದು ಆಯೋಗ ಹೇಳಿತು. ಇದನ್ನು ಒಪ್ಪಲು ಏನು ಕಷ್ಟ?

ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎಂದು ಅದೇ ಕಾಯ್ದೆಯ 13ನೇ ಸೆಕ್ಷನ್ ಸಾರುತ್ತದೆ. ಆದರೆ ಕೌಟುಂಬಿಕ ನ್ಯಾಯಾಲಯಗಳಲ್ಲಿ ಎಷ್ಟೋ ಸಲ ತೀರ್ಪು ಕೊಡುವುದು ಕಾಲ. ಮಗುವನ್ನು ಮೊದಲು ಕರೆದುಕೊಂಡು ಹೋದವರು ವಾಯಿದೆ ಮೇಲೆ ವಾಯಿದೆ ಕೇಳುತ್ತಾರೆ. ಇನ್ನೊಬ್ಬರಿಗೆ ಸಿಗುವುದು ಕೋರ್ಟಿನ ಆವರಣದಲ್ಲಿ ಒಂದೆರಡು ಗಂಟೆಯ ಭೇಟಿ. ಅದನ್ನೂ ತಪ್ಪಿಸಲು ಮಗುವಿಗೆ ಜ್ವರ, ನಾಳೆ ಪರೀಕ್ಷೆ, ನೆಂಟರ ಮನೆಯಲ್ಲಿ ಮದುವೆ ಎಂಬ ನೆಪಗಳು. ಹೀಗೆ ವರ್ಷಗಳು ಉರುಳಿದ ಮೇಲೆ, ಮಗು ಅಲ್ಲಿಗೆ ಹೊಂದಿಕೊಂಡಿದೆ, ಕದಲಿಸುವುದು ಬೇಡ ಎಂಬ ವಾದ ನ್ಯಾಯಾಧೀಶರಿಗೂ ಸರಿ ಕಾಣುತ್ತದೆ. ತಡಮಾಡಿದವರಿಗೇ ಲಾಭ. ಅಪ್ಪಂದಿರೂ ಇದನ್ನು ಮಾಡುತ್ತಾರೆ, ಅಮ್ಮಂದಿರೂ ಮಾಡುತ್ತಾರೆ. ಇಬ್ಬರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದು ಮಾತ್ರ ಮಗು.

ಬೇರೆ ದಾರಿ ಇದೆಯೆಂದು ತೋರಿಸಿದ್ದು ನಮ್ಮ ಹೈಕೋರ್ಟೇ. 2013ರ ಒಂದು ಪ್ರಕರಣದಲ್ಲಿ, ಬಾಲಕ ಜನವರಿಯಿಂದ ಜೂನ್‌ವರೆಗೆ ತಂದೆಯ ಜೊತೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಜೊತೆ ಇರಲಿ, ಓದಿನ ಖರ್ಚನ್ನು ಇಬ್ಬರೂ ಸಮನಾಗಿ ಹೊರಲಿ ಎಂದು ಕರ್ನಾಟಕ ಹೈಕೋರ್ಟ್ ಆದೇಶಿಸಿತು. ಜೊತೆಯಲ್ಲಿ ಇಲ್ಲದವರಿಗೆ ವಾರಾಂತ್ಯದ ಭೇಟಿಗೂ ಅವಕಾಶ ಕೊಟ್ಟಿತು. ಜಂಟಿ ಸುಪರ್ದಿಯ ಬಗ್ಗೆ ಕಾಯ್ದೆ ಏನೂ ಹೇಳದಿದ್ದಾಗ ಬಂದ ಆದೇಶವಿದು. ಆ ಬಾಲಕನಿಗೆ ಸಿಕ್ಕ ಅವಕಾಶ ಉಳಿದ ಮಕ್ಕಳಿಗೆ ಯಾವ ನ್ಯಾಯಪೀಠದ ಮುಂದೆ ಪ್ರಕರಣ ಬಂತು ಎಂಬ ಅದೃಷ್ಟದ ಮೇಲೆ ನಿಲ್ಲಬಾರದು.

ಹಾಗೆಂದು ಎಲ್ಲ ಮಕ್ಕಳನ್ನೂ ಕಣ್ಣುಮುಚ್ಚಿ ಅರ್ಧರ್ಧ ಹಂಚಿ ಎನ್ನುವವರ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಹೊಡೆತ ತಿಂದು ಮನೆಬಿಟ್ಟ ಹೆಂಗಸು ಮಗುವನ್ನು ಒಪ್ಪಿಸಲು ವಾರವಾರ ಅದೇ ಗಂಡನೆದುರು ನಿಲ್ಲಬೇಕೆ? ಜೀವನಾಂಶ ತಪ್ಪಿಸಿಕೊಳ್ಳಲೆಂದೇ ಜಂಟಿ ಸುಪರ್ದಿ ಕೇಳುವವರು ಇರುವುದಿಲ್ಲವೇ? ತಂದೆ ತಾಯಿ ಹೊಣೆಯನ್ನು ಸಮನಾಗಿ ಹಂಚಿಕೊಳ್ಳುವುದೇ ಮಗುವಿಗೆ ಹಿತ ಎಂದು ಮೊದಲೇ ಭಾವಿಸಿ ನಡೆಯಬೇಕೆಂಬ ನಿಯಮವನ್ನು ಆಸ್ಟ್ರೇಲಿಯಾ 2006ರಲ್ಲಿ ತಂದಿತು. ಅನುಭವದಿಂದ ಪಾಠ ಕಲಿತು 2023ರಲ್ಲಿ ಅದನ್ನು ಕೈಬಿಡುವ ಕಾನೂನು ಮಾಡಿತು. ನಮ್ಮ ಆಯೋಗವೂ ಜಂಟಿ ಸುಪರ್ದಿಯನ್ನು ಆಯ್ಕೆಯಾಗಿ ಇಟ್ಟಿತೇ ಹೊರತು ಕಡ್ಡಾಯ ಮಾಡಲಿಲ್ಲ. ಮಗುವಿಗೆ ಹಾನಿಯಾಗುವಂತಿದ್ದರೆ ಭೇಟಿಯನ್ನೇ ನಿರಾಕರಿಸಬಹುದು ಎಂಬ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹಾಗೆಯೇ ಉಳಿಯಬೇಕು.

ದೆಹಲಿ ಮಾಡದೆ ಬೆಂಗಳೂರು ಏನು ಮಾಡೀತು ಎನ್ನುವವರಿಗೆ ಸಂವಿಧಾನದಲ್ಲೇ ಉತ್ತರವಿದೆ. ಅಪ್ರಾಪ್ತ ವಯಸ್ಕರ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತ ಪಡೆಯಬಹುದು. ಜಂಟಿ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. ಕೇಂದ್ರ ಅದನ್ನು ಮಾಡಿದ್ದು 2005ರಲ್ಲಿ. ಆಗ ಇದ್ದ ಧೈರ್ಯ ಈಗೇಕಿಲ್ಲ?

ಸುಪರ್ದಿಗಾಗಿ ರಾಜ್ಯ ತರುವ ತಿದ್ದುಪಡಿಯಲ್ಲಿ ತಾಯಿಗೆ ಸಮಾನ ಪೋಷಕತ್ವ ಇರಲಿ. ಮಧ್ಯಂತರ ಆದೇಶಕ್ಕೆ ತೊಂಬತ್ತು ದಿನಗಳ ಗಡುವಿರಲಿ. ಶಾಲೆ, ಖರ್ಚು, ಹಬ್ಬ, ಬೇಸಿಗೆ ರಜೆ, ಅಜ್ಜ ಅಜ್ಜಿಯರ ಭೇಟಿ ಇವೆಲ್ಲವನ್ನೂ ಬರೆದ ಪಾಲನಾ ಯೋಜನೆಯನ್ನು ತಂದೆ ತಾಯಿ ಇಬ್ಬರೂ ಕೋರ್ಟಿಗೆ ಸಲ್ಲಿಸಲಿ. ಭೇಟಿಯ ಆದೇಶವನ್ನು ಮತ್ತೆಮತ್ತೆ ಮುರಿದವರಿಗೆ ಶಿಕ್ಷೆಯಾಗಲಿ. ಮಗುವಿನ ಮಾತನ್ನು ಇಬ್ಬರೂ ವಕೀಲರಿಂದ ದೂರದಲ್ಲಿ, ತರಬೇತಾದ ಆಪ್ತ ಸಮಾಲೋಚಕರು ಕೇಳಲಿ. ಭೇಟಿ ಕೋರ್ಟಿನ ಪಡಸಾಲೆಯಲ್ಲಿ ನಡೆಯುವುದು ನಿಲ್ಲಲಿ; ಪ್ರತಿ ಜಿಲ್ಲೆಯಲ್ಲೂ ಮಕ್ಕಳು ಆಡಿಕೊಂಡಿರಬಹುದಾದ ಒಂದು ಜಾಗ ಸಿದ್ಧವಾಗಲಿ.

ಮುಂದಿನ ಅಧಿವೇಶನದಲ್ಲಿ ಈ ಮಸೂದೆಯನ್ನು ಯಾರು ಮಂಡಿಸುತ್ತೀರಿ? ನಿಮ್ಮ ಕ್ಷೇತ್ರದ ಶಾಸಕರು ಸಿಕ್ಕಾಗ ದಯವಿಟ್ಟು ಈ ಪ್ರಶ್ನೆ ಕೇಳಿ.