ಬಾವುಟ ಹಾರಿಸೋಣ, ವರದಿಯನ್ನೂ ಬಿಚ್ಚೋಣ

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಬಂಧುಗಳೇ,

ಸೆಪ್ಟೆಂಬರ್ 17 ಬಂತೆಂದರೆ ಕಲ್ಯಾಣ ಕರ್ನಾಟಕ ಉತ್ಸವ. ಮಂತ್ರಿಗಳು ಬರುತ್ತಾರೆ, ಸರ್ದಾರ್ ಪಟೇಲರಿಗೆ ಹಾರ ಬೀಳುತ್ತದೆ, ಧ್ವಜ ಏರುತ್ತದೆ. ಹೈದರಾಬಾದ್ ನಿಜಾಮರ ದೊರೆತನ ಮುಗಿದ ದಿನವನ್ನು ಹಬ್ಬ ಮಾಡುವುದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಭಾಷಣದ ಬಗ್ಗೆ. 1948ರ ಸೆಪ್ಟೆಂಬರ್ 17ಕ್ಕೆ ಬಂದು ಆ ಭಾಷಣ ಗಕ್ಕನೆ ನಿಂತುಬಿಡುತ್ತದೆ. 18ರಿಂದ ಏನಾಯಿತು?

ನಿಜಾಮರ ಪರ ನಿಂತಿದ್ದ ಶಸ್ತ್ರಧಾರಿ ಪಡೆ ರಜಾಕಾರರ ಮಾತು ಮೊದಲು ಆಗಲಿ. ಊರೂರಿಗೆ ತಿಂಗಳಿಗಿಷ್ಟು ಎಂದು ವಸೂಲಿ ಕಟ್ಟಿದ್ದರು. ಕೊಟ್ಟ ಊರು ಬಚಾವು. ಕೊಡದ ಊರಿಗೆ ಲೂಟಿ, ಎದುರು ನಿಂತ ಊರಿಗೆ ಬೆಂಕಿ, ಕೊಲೆ, ಅತ್ಯಾಚಾರ. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಸುಮಾರು ಇನ್ನೂರು ಜನರನ್ನು ಕೊಂದರೆಂದು ಇಂದಿಗೂ ಹೇಳುತ್ತಾರೆ. ಎಷ್ಟೋ ಕುಟುಂಬಗಳು ಮನೆಮಠ ಬಿಟ್ಟು ಸೊಲ್ಲಾಪುರದ ಕಡೆ ಓಡಿದವು. ಭಾರತಕ್ಕೆ ಸೇರೋಣ ಎಂದು ಬರೆದ ತಪ್ಪಿಗೆ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನೂ ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಂದರು. ಇವರಾರನ್ನೂ ನಾವು ಮರೆಯಬೇಕಿಲ್ಲ.

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಗಡಿ ದಾಟಿತು, ಐದು ದಿನದಲ್ಲಿ ಎಲ್ಲ ಮುಗಿಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ‘ಪೊಲೀಸ್ ಆ್ಯಕ್ಷನ್’. ಅದರ ಬೆನ್ನಿಗೇ ಸೇಡು ಶುರುವಾಯಿತು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಕೂಲಿಕಾರ, ಅಂಗಡಿಯವ, ಅವರ ಹೆಂಡತಿ ಮಕ್ಕಳು ಅದಕ್ಕೆ ಬಲಿಯಾದರು. ಸುದ್ದಿ ದೆಹಲಿ ಮುಟ್ಟಿದಾಗ ನೆಹರೂ ಅವರು ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಇಲ್ಲಿಗೆ ಕಳಿಸಿದರು. ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಒಂಬತ್ತು ಜಿಲ್ಲೆ ಸುತ್ತಿದರು. ತಾವು ಹೋಗಲಾಗದ ನೂರೊಂಬತ್ತು ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರ ಮಾತು ಕೇಳಿದರು. ಕೊಳೆಯುತ್ತಿದ್ದ ಹೆಣಗಳು ತುಂಬಿದ ಬಾವಿಗಳನ್ನು ಜನ ಅವರಿಗೆ ತೋರಿಸಿದರು. ಒಂದು ಬಾವಿಯಲ್ಲಿ ಅವರೇ ಎಣಿಸಿದ್ದು ಹನ್ನೊಂದು. ಅದರಲ್ಲಿ ಒಬ್ಬಳು ತಾಯಿ, ಅವಳ ಎದೆಗೆ ಅಂಟಿಕೊಂಡಿದ್ದ ಕೂಸು.

ಅವರು ಸರ್ಕಾರಕ್ಕೆ ಕೊಟ್ಟ ವರದಿಯ ಅಂದಾಜು: ಸತ್ತವರು ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ನಲುಗಿದ್ದು ನಾಲ್ಕು ಜಿಲ್ಲೆ: ಉಸ್ಮಾನಾಬಾದ್, ನಾಂದೇಡ್, ಬೀದರ್, ಗುಲ್ಬರ್ಗಾ. ಹೌದು, ನಮ್ಮ ಬೀದರ್, ನಮ್ಮ ಗುಲ್ಬರ್ಗಾ. ಸೇನೆಯ ಶಿಸ್ತನ್ನು ಆ ವರದಿ ಒಟ್ಟಾರೆ ಮೆಚ್ಚುತ್ತದೆ. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಗೆ ಕೈ ಹಚ್ಚಿದ್ದನ್ನೂ ಮುಚ್ಚಿಡುವುದಿಲ್ಲ. ರಜಾಕಾರರ ಪಾಪವನ್ನೂ ಬರೆಯುತ್ತದೆ. ಇನ್ನೊಂದು ಮಾತು ಅದರಲ್ಲಿದೆ, ಯಾವ ವೇದಿಕೆಯಲ್ಲೂ ಕೇಳದ್ದು: ಮುಸ್ಲಿಂ ನೇಕಾರರನ್ನು ಉಳಿಸಲು ಹೋಗಿ ಹಿಂದೂ ನೇಕಾರರು ಪ್ರಾಣ ಕೊಟ್ಟಿದ್ದಾರೆ. ಆ ನೇಕಾರರ ಹೆಸರಲ್ಲಿ ಒಂದು ರಸ್ತೆಯಾದರೂ ಇದೆಯೇ?

ಆ ವರದಿಯನ್ನು ಸರ್ಕಾರ ಆಗ ಪ್ರಕಟಿಸಲಿಲ್ಲ. ದಶಕಗಟ್ಟಲೆ ಕಡತದಲ್ಲೇ ಇತ್ತು. 2013ರಲ್ಲಿ ಎ.ಜಿ. ನೂರಾನಿ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅಚ್ಚು ಹಾಕಿದ ಮೇಲೆ ಹೆಚ್ಚು ಜನರ ಕಣ್ಣಿಗೆ ಬಿತ್ತು. ಬಾವಿ ನಮ್ಮ ಹೊಲದ್ದು, ವರದಿ ಇಂಗ್ಲಿಷಿನದು. ಇತ್ತ ರಜಾಕಾರರ ಮುಂದಾಳು ಖಾಸಿಂ ರಜ್ವಿ 1957ರವರೆಗೆ ಜೈಲಿನಲ್ಲಿದ್ದು ಪಾಕಿಸ್ತಾನಕ್ಕೆ ಹೋದ. ನಿಜಾಮರು 1956ರವರೆಗೆ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರಂಥ ಪದವಿಯಲ್ಲಿ, ಇದ್ದರು. ದೊಡ್ಡವರ ಲೆಕ್ಕ ಹೀಗೆ ಚುಕ್ತಾ ಆಯಿತು. ಗಡಿಯಲ್ಲಿ ಶಿಬಿರ ಹೂಡಿ ನಿಜಾಮರ ವಿರುದ್ಧ ಹೋರಾಡಿದವರಿಗೆ ಪಿಂಚಣಿ ಬಂತು, ಬರಬೇಕಾದದ್ದೇ. ಬಾವಿಯಲ್ಲಿದ್ದವರ ಮನೆಯವರಿಗೆ ‘ಹೌದು, ನಿಮ್ಮವರನ್ನು ಕೊಂದರು’ ಎಂಬ ಒಂದು ಸರ್ಕಾರಿ ಕಾಗದವೂ ಬರಲಿಲ್ಲ.

ಹಳೆಯ ಗಾಯ ಕೆದಕಬೇಡಿ ಎನ್ನುತ್ತೀರಾ? ಚುನಾವಣೆ ಹತ್ತಿರವಾದಾಗಲೆಲ್ಲ ಅರ್ಧ ಗಾಯವನ್ನು ಕೆದಕುವವರು ಇದ್ದೇ ಇದ್ದಾರೆ. ಇನ್ನರ್ಧದ ಬಗ್ಗೆ ಮಾತೆತ್ತಿದರೆ ವೋಟು ಹೋದೀತೆಂದು ಬಾಯಿಗೆ ಬೀಗ ಹಾಕಿಕೊಂಡವರೂ ಇದ್ದಾರೆ. ಇಬ್ಬರಿಗೂ ಪೂರ್ತಿ ಕಥೆ ಬೇಡ.

ಸ್ಪೇನ್ ದೇಶವೂ ಹೀಗೇ ಅರ್ಧ ಕಥೆ ಹೇಳಿ ನೋಡಿತು. ಅಲ್ಲಿನ ಅಂತರ್ಯುದ್ಧದಲ್ಲಿ ಗೆದ್ದ ಫ್ರಾಂಕೋ ತನ್ನ ಕಡೆ ಸತ್ತವರಿಗೆ ಊರೂರಲ್ಲಿ ಕಲ್ಲು ನೆಡಿಸಿದ. ಸೋತ ಕಡೆಯವರು ರಸ್ತೆ ಬದಿಯ ಹೊಂಡಗಳಲ್ಲೇ ಉಳಿದರು. 1977ರಲ್ಲಿ ಕ್ಷಮಾದಾನದ ಕಾಯ್ದೆ ಬಂತು, ಮರೆತುಬಿಡೋಣ ಎಂದರು. ಮರೆಯಲಿಲ್ಲ. 2000ದಲ್ಲಿ ಒಬ್ಬ ಮೊಮ್ಮಗ ಪ್ರಿಯರಾಂಜಾ ಎಂಬ ಹಳ್ಳಿಯ ಹೊಂಡ ತೆಗೆಸಿ ಅಜ್ಜನ ಎಲುಬು ಹುಡುಕಿದ. ನೂರಾರು ಕುಟುಂಬಗಳು ಅವನ ಹಿಂದೆ ಬಂದವು. 2022ರ ಕಾನೂನು ಆ ಹುಡುಕಾಟವನ್ನು ಸರ್ಕಾರದ ಹೊಣೆ ಮಾಡಿತು. ಅಲ್ಲಿಯೂ ಶಿಕ್ಷೆ ಕೊಡಲು ಅಪರಾಧಿಗಳು ಉಳಿದಿರಲಿಲ್ಲ. ನಾವೂ ಯಾರನ್ನೂ ಜೈಲಿಗೆ ಹಾಕಿ ಎಂದು ಕೇಳುತ್ತಿಲ್ಲ, ಯಾರ ಮೊಮ್ಮಕ್ಕಳೂ ತಲೆ ತಗ್ಗಿಸಬೇಕಿಲ್ಲ. ನಾವು ಕೇಳುವುದು ದಾಖಲೆ, ಹೆಸರು, ಸರ್ಕಾರದ ಒಪ್ಪಿಗೆಯ ಮಾತು. ಎರಡೂ ಕಡೆಯವರಿಗೆ.

ಆದ್ದರಿಂದ ಬಂಧುಗಳೇ, ಕೆಲಸಕ್ಕೆ ಇಳಿಯಿರಿ. ಸುಂದರಲಾಲ್ ಸಮಿತಿಯ ವರದಿ ಮತ್ತು ಅದಕ್ಕೆ ಲಗತ್ತಿಸಿದ ಗೋಪ್ಯ ಟಿಪ್ಪಣಿಯ ಪ್ರತಿ ಕೊಡಿ ಎಂದು ಕೇಂದ್ರ ಗೃಹ ಸಚಿವಾಲಯಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಇಪ್ಪತ್ತು ವರ್ಷ ದಾಟಿದ ಸಂಗತಿಯನ್ನು, ಕೆಲವೇ ವಿನಾಯಿತಿ ಬಿಟ್ಟರೆ, ಕೊಡಲೇಬೇಕೆಂದು ಆ ಕಾಯ್ದೆಯ 8(3)ನೇ ಕಲಮು ಹೇಳುತ್ತದೆ. ಒಬ್ಬರು ಹಾಕಿದರೆ ಕಸದ ಬುಟ್ಟಿ, ಸಾವಿರ ಜನ ಹಾಕಿದರೆ ಸುದ್ದಿ. ವರದಿಯನ್ನು ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ಅಚ್ಚು ಹಾಕಿಸಬೇಕೆಂದು ನಿಮ್ಮ ಶಾಸಕರಿಗೆ ಬರೆಯಿರಿ, ಯಾವ ಪಕ್ಷದವರಾದರೂ ಸರಿ. ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಇದೇ ಮಾತನ್ನು ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಅವಸರದ್ದು ಮನೆಯೊಳಗಿನ ಕೆಲಸ. ಆಗ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹೊಸ್ತಿಲಲ್ಲಿದ್ದಾರೆ. ಅವರ ಪಕ್ಕ ಕುಳಿತು, ಅವರು ಒಪ್ಪಿದರೆ ಮಾತ್ರ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ‘ಏನಾಯಿತು’ ಎಂದು ಕೇಳಬೇಡಿ, ಅಷ್ಟು ದೊಡ್ಡ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ. ಸೊಲ್ಲಾಪುರಕ್ಕೆ ಯಾರ ಬಂಡಿಯಲ್ಲಿ ಹೋದಿರಿ? ಹಗೇವಿನಲ್ಲಿ ಯಾರನ್ನು ಬಚ್ಚಿಟ್ಟಿದ್ದಿರಿ? ಯಾವ ಬಾವಿಯ ನೀರು ಬಿಟ್ಟಿರಿ? ಊರು ಬಿಟ್ಟ ಯಾವ ಮನೆಯವರು ತಿರುಗಿ ಬರಲಿಲ್ಲ? ಹೆಸರು, ಓಣಿ, ಕಸುಬು ಬರೆದುಕೊಳ್ಳಿ. ಕೊಂದವರೆಂದು ಯಾರ ಮನೆತನದ ಹೆಸರು ಬಂದರೂ ವಾಟ್ಸ್ಆ್ಯಪ್‌ಗೆ ಹಾಕಬೇಡಿ. ಅದು ಹೊಸ ಜಗಳವಾದೀತು. ಎರಡು ಪ್ರತಿ ಮಾಡಿ ಒಂದನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.

ಈ ಕರಪತ್ರಕ್ಕೆ ಯಾವ ಪಕ್ಷದ ದುಡ್ಡೂ ಇಲ್ಲ, ಹಕ್ಕುಸ್ವಾಮ್ಯವೂ ಇಲ್ಲ. ಝೆರಾಕ್ಸ್ ಮಾಡಿಸಿ, ಉರ್ದು ಬಲ್ಲವರು ಉರ್ದುವಿಗೆ ಇಳಿಸಿ, ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮಠದ ಮುಂದೆ, ಮಸೀದಿಯ ಮುಂದೆ ಹಂಚಿ.