ಯೊಕೊಹಾಮಾದಿಂದ ಹುಣಸೂರಿಗೆ

ಹೊಗೆಸೊಪ್ಪಿನ ಹರಾಜನ್ನು ಒಮ್ಮೆಯಾದರೂ ಕಂಡವರಿಗೆ ಜಪಾನಿನ ಹಳೆಯ ಮೋಟಾರುಗಳ ಹರಾಜನ್ನು ವರ್ಣಿಸಿ ಹೇಳುವುದು ಕಷ್ಟವಲ್ಲ. ಹುಣಸೂರು ಸೀಮೆಯ ರೈತನು ಬೇಯಿಸಿ ಹದಮಾಡಿದ ಎಲೆಯನ್ನು ಬೇಲು ಕಟ್ಟಿ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುತ್ತಾನೆ. ಎಲೆಯ ಬಣ್ಣವೇನು, ಕಲೆಯೆಷ್ಟು, ಹದ ಹೇಗಿದೆ ಎಂಬುದನ್ನು ನೋಡಿ ಅದಕ್ಕೊಂದು ದರ್ಜೆ ಬೀಳುತ್ತದೆ. ಮುಂದಿನ ಬೆಲೆಯೆಲ್ಲ ಆ ದರ್ಜೆಯ ಕೈಯಲ್ಲಿ. ಜಪಾನಿನ ಹರಾಜು ಮನೆಗಳಲ್ಲಿಯೂ ಹಾಗೆಯೇ. ಅಲ್ಲಿನ ಪರೀಕ್ಷಕನು ಕಾರನ್ನು ಸುತ್ತುಹಾಕಿ ನೋಡಿ, ಎಲ್ಲಿ ಗೀರು, ಎಲ್ಲಿ ತುಕ್ಕು, ಎಷ್ಟು ಕಿಲೋಮೀಟರ್ ಓಡಿದೆ, ಹಿಂದೆ ಅಪಘಾತವಾಗಿತ್ತೇ ಎಂಬುದನ್ನೆಲ್ಲ ಒಂದು ಹಾಳೆಯ ಮೇಲೆ ಗುರುತಿಸಿ, ಮೂಲೆಯಲ್ಲಿ ದರ್ಜೆಯ ಅಂಕಿಯೊಂದನ್ನು ಬರೆದುಬಿಡುತ್ತಾನೆ. ಸಮುದ್ರದಾಚೆಯ ವ್ಯಾಪಾರಿ ಕಾರನ್ನು ಕಣ್ಣಾರೆ ಕಾಣದೆ ಆ ಹಾಳೆಯೊಂದನ್ನೇ ನಂಬಿ ಬೆಲೆ ಕೂಗುತ್ತಾನೆ.

ಇಷ್ಟೊಂದು ಒಳ್ಳೆಯ ಕಾರುಗಳು ಇಷ್ಟು ಅಗ್ಗವಾಗಿ ಹರಾಜಿಗೆ ಬರುವುದೇಕೆ? ಜಪಾನಿನಲ್ಲಿ ‘ಷಾಕೆನ್’ ಎಂಬ ಕಡ್ಡಾಯ ತಪಾಸಣೆಯುಂಟು. ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ ಮೊದಲ ಬಾರಿ, ಅಲ್ಲಿಂದ ಮುಂದೆ ಎರಡೆರಡು ವರ್ಷಕ್ಕೊಮ್ಮೆ ಅದನ್ನು ಮಾಡಿಸಲೇಬೇಕು. ತಪಾಸಣೆಗೆ, ತೆರಿಗೆಗೆ, ವಿಮೆಗೆ ತೆರುವ ಹಣವನ್ನು ಲೆಕ್ಕಹಾಕಿದ ಗೃಹಸ್ಥನು ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುವುದೇ ಲೇಸೆಂದು ತೀರ್ಮಾನಿಸುತ್ತಾನೆ. ಹಾಗೆ ಮಾರಿದ ಕಾರುಗಳು ಹಡಗನ್ನೇರಿ ಕೊಲಂಬೋ, ಕರಾಚಿ, ನೈರೋಬಿ, ಆಕ್ಲೆಂಡ್‌ಗಳನ್ನು ಸೇರುತ್ತವೆ. ಇವೆಲ್ಲ ಎಡಬದಿಯಲ್ಲಿ ಓಡಾಡುವ ದೇಶಗಳು. ಜಪಾನೂ ಎಡಬದಿಯದೇ ಆದುದರಿಂದ ಬಲಗಡೆಯ ಸ್ಟಿಯರಿಂಗಿನ ಕಾರು ಅಲ್ಲಿ ನೇರವಾಗಿ ಒಗ್ಗಿಹೋಗುತ್ತದೆ.

ಈ ಕಾರುಗಳ ನಡುವೆ ತರುಣರ ನಿದ್ದೆಗೆಡಿಸುವ ಕೆಲವು ಉಂಟು. 1989ರಲ್ಲಿ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಅದರ ಮೊಮ್ಮಗನಂತಿದ್ದ 1999ರ ಆರ್34, ಟೊಯೋಟಾದ ಸುಪ್ರಾ, ರೋಟರಿ ಇಂಜಿನಿನ ಮಾಜ್ದಾ ಆರ್‌ಎಕ್ಸ್-7 ಇವು ಅವುಗಳಲ್ಲಿ ಮುಖ್ಯವಾದವು. 280 ಅಶ್ವಶಕ್ತಿಯನ್ನು ಮೀರಿದ ಕಾರನ್ನು ಪ್ರಕಟಿಸುವುದಿಲ್ಲವೆಂದು ಅಲ್ಲಿನ ಕಾರ್ಖಾನೆಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದ ಕಾಲವದು. ಕಾಗದದ ಮೇಲೆ ಆ ಅಂಕಿ ಮೀರುತ್ತಿರಲಿಲ್ಲ. ರಸ್ತೆಯ ಮೇಲಿನ ಮಾತು ಬೇರೆ. 2001ರಲ್ಲಿ ಬಂದ ‘ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್’ ಚಲನಚಿತ್ರ ಈ ಕಾರುಗಳನ್ನು ಜಗತ್ತಿನ ಮನೆಮನೆಗೂ ಪರಿಚಯಿಸಿತು. ಆದರೆ ಮರುವರ್ಷವೇ, 2002ರಲ್ಲಿ, ಜಪಾನಿನ ಬಿಗಿಯಾದ ಹೊಗೆ ನಿಯಮಗಳಿಂದಾಗಿ ಸ್ಕೈಲೈನ್, ಸುಪ್ರಾ, ಆರ್‌ಎಕ್ಸ್-7 ಮೂರರ ತಯಾರಿಕೆಯೂ ನಿಂತಿತು. ತಯಾರಿಕೆ ನಿಂತ ಮೇಲೆ ಬೆಲೆ ಏರತೊಡಗಿತು.

ಪಿರಿಯಾಪಟ್ಟಣದ ಕಡೆಯ ತರುಣನೊಬ್ಬ ನಗೋಯಾದಲ್ಲಿ ಇಂಜಿನಿಯರಾಗಿ ದುಡಿದು, ಅಂಥದೊಂದು ಸ್ಕೈಲೈನನ್ನು ಕೊಂಡು, ಊರಿಗೆ ಮರಳುವಾಗ ಅದನ್ನೂ ತರಬೇಕೆಂದು ಬಯಸಿದನೆನ್ನೋಣ. ಸ್ಟಿಯರಿಂಗ್ ಬಲಗಡೆಗೆ ಇದೆ. ವೇಗದ ಮುಳ್ಳು ಕಿಲೋಮೀಟರುಗಳಲ್ಲಿ ತೋರಿಸುತ್ತದೆ. ದೀಪದ ಬೆಳಕು ಎಡಬದಿಯ ಸಂಚಾರಕ್ಕೆ ತಕ್ಕಂತೆ ಬೀಳುತ್ತದೆ. ಬಳಸಿದ ಕಾರನ್ನು ತರುವವರಿಗೆ ಭಾರತದ ಆಮದು ನೀತಿ ವಿಧಿಸಿರುವ ಷರತ್ತುಗಳಲ್ಲಿ ಈ ಮೂರೂ ಸೇರಿವೆ. ಮೂರರಲ್ಲಿಯೂ ಅವನ ಕಾರು ಸಲೀಸಾಗಿ ತೇರ್ಗಡೆಯಾಗುತ್ತದೆ. ಅವನನ್ನು ತಡೆಯುವುದು ನಾಲ್ಕನೆಯ ಷರತ್ತು: ಕಾರು ತಯಾರಾಗಿ ಮೂರು ವರ್ಷ ಮೀರಿರಕೂಡದು. 2002ರಲ್ಲಿ ತಯಾರಾದ ಕಟ್ಟಕಡೆಯ ಆರ್34ಕ್ಕೂ ಆ ಬಾಗಿಲು 2005ರಲ್ಲಿಯೇ ಮುಚ್ಚಿಹೋಗಿದೆ.

ಅಮೆರಿಕದ ಕ್ರಮ ಇದಕ್ಕೆ ತಿರುಗುಮುರುಗು. ಅಲ್ಲಿನ ಸುರಕ್ಷಾ ನಿಯಮಗಳಿಗೆ ಒಳಪಡದ ವಿದೇಶೀ ಕಾರಿಗೆ 25 ವರ್ಷ ತುಂಬಿದ ಮೇಲೆ ವಿನಾಯಿತಿ ದೊರೆಯುತ್ತದೆ. 1999ರ ಆರ್34 ಅಲ್ಲಿಗೆ ಕಾಲಿಡಲಾರಂಭಿಸಿದ್ದು 2024ರಲ್ಲಿ. ಬಲಬದಿಯಲ್ಲಿ ಓಡಾಡುವ, ಸ್ಟಿಯರಿಂಗ್ ಎಡಗಡೆಗಿರುವ ದೇಶ ಅದನ್ನು ಬರಮಾಡಿಕೊಂಡಿತು. ಎಲ್ಲ ರೀತಿಯಲ್ಲಿಯೂ ಹೊಂದುವ ದೇಶದಲ್ಲಿ ಅದಕ್ಕೆ ಎಡೆಯಿಲ್ಲ.

ಮೂರು ವರ್ಷದೊಳಗಿನ ಕಾರನ್ನೇ ತಂದನೆಂದರೂ ದಾರಿ ಸುಗಮವಲ್ಲ. ಬಳಸಿದ ಕಾರು ಮುಂಬಯಿ ಬಂದರಿನಲ್ಲಿಯೇ ಇಳಿಯತಕ್ಕದ್ದು. ಹಡಗು ಹತ್ತುವ ಮುನ್ನ ವಿದೇಶದ ಮಾನ್ಯ ಸಂಸ್ಥೆಯೊಂದರ ಪ್ರಮಾಣಪತ್ರ ಬೇಕು. ಇಳಿದ ಮೇಲೆ ಪುಣೆಯ ಎ.ಆರ್.ಎ.ಐ. ಸಂಸ್ಥೆಯಂಥ ಗೊತ್ತುಪಡಿಸಿದ ಕಡೆಯಲ್ಲಿ ಪರೀಕ್ಷೆಯಾಗಬೇಕು. 2020ರ ಏಪ್ರಿಲ್‌ನಿಂದ ಭಾರತ್ ಹಂತ-6ರ ಹೊಗೆ ನಿಯಮ ಜಾರಿಯಲ್ಲಿದೆಯೆಂಬುದನ್ನೂ ಮರೆಯುವಂತಿಲ್ಲ. ಆಮೇಲೆ ಸುಂಕ. ಬಳಸಿದ ಕಾರಿನ ಮೂಲ ಸುಂಕ ಬಹುಕಾಲ ಶೇ. 125ರಷ್ಟಿತ್ತು; 2025ರ ಬಜೆಟ್ಟು ಅದನ್ನು ಒಡೆದು ಬೇರೆ ಬೇರೆ ಹೆಸರುಗಳಲ್ಲಿ ಹಂಚಿತೇ ಹೊರತು ಹೊರೆಯನ್ನು ಇಳಿಸಲಿಲ್ಲ. ಶೇ. 125ನ್ನೇ ಹಿಡಿದರೂ 10 ಲಕ್ಷ ರೂಪಾಯಿಯ ಕಾರು ಬಂದರಿನ ಗೇಟು ದಾಟುವ ಮೊದಲೇ 22 ಲಕ್ಷದ 50 ಸಾವಿರವಾಗುತ್ತದೆ. ಆ ಮೊತ್ತದ ಮೇಲೆ ಜಿ.ಎಸ್.ಟಿ. ಏರುತ್ತದೆ. ಊರಿಗೆ ಮರಳುವ ಪ್ರಯಾಣಿಕನ ಗಂಟುಮೂಟೆಗೆ ಕಸ್ಟಮ್ಸಿನವರು ತೋರುವ ರಿಯಾಯಿತಿ ಮೋಟಾರು ವಾಹನಕ್ಕೆ ಅನ್ವಯಿಸುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಕರ್ನಾಟಕದ ಆಜೀವ ತೆರಿಗೆ: 20 ಲಕ್ಷ ಮೀರಿದ ಕಾರಿಗೆ ಶೇ. 18, ಸೆಸ್ಸು ಬೇರೆ.

ಹೊಸ ಕಾರಿನ ದಾರಿ ಇದಕ್ಕಿಂತ ಅಗಲವಾದುದು. ಆದರೆ ಅದು ಸಿರಿವಂತರ ದಾರಿ. ಹೊಸ ಕಾರುಗಳನ್ನು, ವಿದೇಶದ ಮಾನ್ಯ ಪ್ರಮಾಣಗಳಿಗೆ ಅವು ಹೊಂದುವುದಾದರೆ, ವರ್ಷಕ್ಕೆ 2,500ರ ಮಿತಿಯೊಳಗೆ ಇಲ್ಲಿನ ಪೂರ್ಣ ಪರೀಕ್ಷೆಗಳಿಲ್ಲದೆ ತರಲು ಕಾರ್ಖಾನೆಗೂ ಅದರ ಅಧಿಕೃತ ಪ್ರತಿನಿಧಿಗೂ 2018ರಲ್ಲಿ ಅವಕಾಶವಾಯಿತು. ಅದಕ್ಕೆ ಮೊದಲೇ, 2010ರಲ್ಲಿ, ನಿಸ್ಸಾನ್ 370ಝಡ್ ಹಾಗೂ ಮಿತ್ಸುಬಿಷಿ ಲ್ಯಾನ್ಸರ್ ಇವೋ ಕಾರುಗಳು ಅಂಗಡಿಗೆ ಬಂದಿದ್ದವು. 2016ರ ಡಿಸೆಂಬರಿನಲ್ಲಿ ಬಂದ ನಿಸ್ಸಾನ್ ಜಿಟಿ-ಆರ್‌ನ ಬೆಲೆ 1 ಕೋಟಿ 99 ಲಕ್ಷ ರೂಪಾಯಿ. ಅಂಥ ಕಾರು ಹೆಗ್ಗಡದೇವನಕೋಟೆಯ ಕಡೆಗೆ ಹೊರಟರೆ ಮೊದಲ ಉಬ್ಬಿನಲ್ಲಿಯೇ ಹೊಟ್ಟೆ ತಾಗೀತು. ಬಾವಲಿಯ ಗೇಟನ್ನು ಸಂಜೆ ಆರಕ್ಕೆ ಮುಚ್ಚುವುದರಿಂದ ವೇಗವಿದ್ದೂ ತಡವಾದರೆ ಆನೆಗಳಿಗೆ ದಾರಿ ಬಿಟ್ಟು ಬೆಳಗಿನವರೆಗೆ ಕಾಯಬೇಕಾದೀತು.

ಸರ್ಕಾರಕ್ಕೆ ಈ ಹಟವೇಕೆಂದು ಕೇಳುವವರು ಹುಣಸೂರಿನಿಂದ ನಲವತ್ತೈದು ಕಿಲೋಮೀಟರಿನಷ್ಟು ಪೂರ್ವಕ್ಕೆ ಬಂದು ಮೈಸೂರಿನ ಯಾದವಗಿರಿಯನ್ನು ನೆನೆದರೆ ಸಾಕು. 1950ರ ದಶಕದಲ್ಲಿ ವಿದೇಶೀ ವಿನಿಮಯದ ಅಭಾವದಿಂದ ಆಮದು ಬಿಗಿಯಾದಾಗ, ಚೆಕೋಸ್ಲೊವಾಕಿಯಾದಿಂದ ಜಾವಾ ಮೋಟಾರು ಸೈಕಲ್ಲುಗಳನ್ನು ತರಿಸಿ ಮಾರುತ್ತಿದ್ದ ಮುಂಬಯಿಯ ಇರಾನಿ ಮನೆತನದವರು ಅವನ್ನು ಇಲ್ಲಿಯೇ ತಯಾರಿಸಲು ಹೊರಟರು. ಅದರ ಫಲವೇ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ ಅಲ್ಲಿ ಗಾಡಿಗಳು ಹೊರಬರತೊಡಗಿದವು. ಮುಂದೆ ಅವು ಯೆಜ್ಡಿ ಎಂಬ ಹೆಸರು ತಳೆದವು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೆ ಮೈಸೂರಿನ ಎಷ್ಟೋ ಸಂಸಾರಗಳು ಅದರ ಸಂಬಳದಲ್ಲಿ ಬಾಳಿದವು. ಜಪಾನಿನವರ ವಿಷಯದಲ್ಲಿಯೂ ಇದೇ ನಡೆಯಿತು. ಸುಜುಕಿಯ ಕಾರು 1983ರಲ್ಲಿ ಮಾರುತಿಯಾಗಿ ಗುರಗಾಂವಿನ ಕಾರ್ಖಾನೆಯಿಂದ ಹೊರಬಂತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿದ್ದು 1997ರಲ್ಲಿ. ‘ಕಾರು ಬರುವುದು ಬೇಡ, ಕಾರ್ಖಾನೆ ಬರಲಿ’ ಎಂಬುದು ಕಾನೂನಿನ ಒಳದನಿ. ಕೆಲಸ ದೊರೆತವರ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪು ಕಾಣುವುದಿಲ್ಲ. ನಷ್ಟವಾದದ್ದು ಅಪರೂಪದ ಯಂತ್ರವನ್ನು ಪ್ರೀತಿಸುವ ಕೆಲವರಿಗೆ. ಅವರ ಸಂಖ್ಯೆ ಕಡಿಮೆಯಾದುದರಿಂದ ಅವರ ದನಿಯೂ ಕಡಿಮೆ.

ಬಾಗಿಲು ಮುಚ್ಚಿದಲ್ಲಿ ಕಿಟಕಿಯನ್ನು ಹುಡುಕುವವರೂ ಇದ್ದೇ ಇರುತ್ತಾರೆ. ವಿದೇಶದಲ್ಲಿ ಕಾರನ್ನು ನಡುವೆ ಕೊಯ್ದು, ಇಂಜಿನಿರುವ ಮುಂಭಾಗವನ್ನು ಬಿಡಿಭಾಗವೆಂದು ತರಿಸಿ, ಇಲ್ಲಿನ ಸಾಧಾರಣ ಕಾರಿನ ಮೈಗೆ ಕೂರಿಸುವುದುಂಟು. ಓಟಕ್ಕೇನೋ ಸೊಗಸು, ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಕಾರ್ಖಾನೆಯ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಮತ್ತೆ ಖಚಿತಪಡಿಸಿತು. ನೋಂದಣಿ ಪುಸ್ತಕದಲ್ಲಿ ಒಂದು ಇಂಜಿನು, ಬಾನೆಟ್ಟಿನ ಕೆಳಗೆ ಇನ್ನೊಂದು ಇಂಜಿನು ಇದ್ದಾಗ ಅಪಘಾತವಾದರೆ ವಿಮಾ ಕಂಪನಿಯವರು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಊಹಿಸಬಹುದು.

ಇನ್ನೊಂದು ಕಿಟಕಿಯ ಸುದ್ದಿ ಹೆಗ್ಗಡದೇವನಕೋಟೆಯ ಕಾಡಿನಾಚೆಯ ಕೇರಳದಿಂದ ಬಂತು. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ‘ನುಮ್‌ಖೋರ್’ ಎಂಬ ಹೆಸರಿನಲ್ಲಿ ಶೋಧ ನಡೆಸಿದರು. ಭೂತಾನಿನ ಭಾಷೆಯಲ್ಲಿ ಆ ಮಾತಿಗೆ ವಾಹನವೆಂದು ಅರ್ಥ. ಭೂತಾನಿನಿಂದ ಸುಂಕ ತೆರದೆ ಗಡಿ ದಾಟಿಸಿದ ಕಾರುಗಳಿಗೆ ನಕಲಿ ಕಾಗದ ಹುಟ್ಟಿಸಿ, ಬೇರೆ ರಾಜ್ಯಗಳಲ್ಲಿ ನೋಂದಣಿ ಮಾಡಿಸಿ ಮಾರಿದ್ದಾರೆಂಬುದು ಆರೋಪ. ಆ ಕಾರುಗಳಲ್ಲಿ ಜಪಾನಿನ ಲ್ಯಾಂಡ್ ಕ್ರೂಸರ್‌ಗಳೂ ನಿಸ್ಸಾನ್ ಪೆಟ್ರೋಲ್‌ಗಳೂ ಇದ್ದವು. ಮೊದಲ ದಿನವೇ ಮೂವತ್ತಕ್ಕೂ ಹೆಚ್ಚು ವಾಹನಗಳು ವಶವಾದವು. ಹೆಸರಾಂತ ನಟರ ಮನೆಗಳ ಮುಂದೆಯೂ ಅಧಿಕಾರಿಗಳು ನಿಂತರು.

ನಟರಿಗೆ ವಕೀಲರಿದ್ದಾರೆ. ಹೊಗೆಸೊಪ್ಪಿನ ಹಣ ಕೈಗೆ ಬಂದ ಕಾಲದಲ್ಲಿ ಮೊಬೈಲಿನ ಜಾಹೀರಾತು ಕಂಡು, ಮಗನ ಆಸೆಗೆ ಸೋತು, ಬೇರೆ ರಾಜ್ಯದ ಫಲಕವಿರುವ ‘ಜಪಾನ್ ಗಾಡಿ’ಯೊಂದನ್ನು ಕೊಳ್ಳುವ ಮನೆಯ ಯಜಮಾನನಿಗೆ ಇರುವುದು ಮಾರುವವನ ಮಾತೊಂದೇ. ಕೆಎ-45 ಎಂಬ ಗುರುತಿನ ಹುಣಸೂರಿನ ಸಾರಿಗೆ ಕಚೇರಿಗೆ ಆ ಕಾರು ಬಂದೇ ಬರಬೇಕು. ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನೋಂದಣಿ ಕಡ್ಡಾಯ. ಗುಟ್ಟು ಹೊರಬೀಳುವುದು ಆ ಕಿಟಕಿಯ ಮುಂದೆ. ಆದುದರಿಂದ ಇಂಜಿನಿನ ಸದ್ದನ್ನು ಕೇಳುವ ಮೊದಲು ಕಾಗದವನ್ನು ಕೇಳಬೇಕು. ಬಂದರಿನಲ್ಲಿ ಸುಂಕ ತೆತ್ತದ್ದನ್ನು ಹೇಳುವ ‘ಬಿಲ್ ಆಫ್ ಎಂಟ್ರಿ’ ಮೊದಲನೆಯದು. ಅದರಲ್ಲಿರುವ ಚಾಸಿ ಸಂಖ್ಯೆ, ನೋಂದಣಿ ಪುಸ್ತಕದಲ್ಲಿರುವ ಸಂಖ್ಯೆ, ಕಾರಿನ ಲೋಹದ ಮೇಲೆ ಕೆತ್ತಿರುವ ಸಂಖ್ಯೆ ಇವು ಮೂರೂ ಅಕ್ಷರಶಃ ಒಂದೇ ಆಗಿರಬೇಕು. ತಯಾರಾದ ವರ್ಷಕ್ಕೂ ಬಂದರಿನಲ್ಲಿ ಇಳಿದ ವರ್ಷಕ್ಕೂ ನಡುವೆ ಎಷ್ಟು ಅಂತರವಿದೆಯೆಂದು ನೋಡಬೇಕು. ಮೊದಲ ನೋಂದಣಿ ಮಾಡಿದ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬರುವವರೆಗೆ ಪೂರ್ತಿ ಹಣವನ್ನು ಕೊಡಬಾರದು.

ಸುಂಕ ತಪ್ಪಿಸಿದವನ ಪಾಪ ಕೊಂಡವನ ತಲೆಗೆ ಕಟ್ಟುವುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 2024ರ ಕೊನೆಯಲ್ಲಿ ಪೋರ್ಷೆ ಕಾರೊಂದರ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿತು: ಆಮದು ಮಾಡಿದವನಲ್ಲದ, ಆಮೇಲೆ ಕೊಂಡ ವ್ಯಕ್ತಿಯಿಂದ ಸುಂಕವನ್ನು ವಸೂಲು ಮಾಡುವಂತಿಲ್ಲ. ನ್ಯಾಯ ದೊರೆಯಿತು, ನಿಜ. ಆದರೆ ಕಾರು ಬಂದದ್ದು 2002ರಲ್ಲಿ. ತೀರ್ಪು ಬಂದದ್ದು ಇಪ್ಪತ್ತೆರಡು ವರ್ಷಗಳ ಬಳಿಕ. ಅಷ್ಟು ದೀರ್ಘಕಾಲ ಕೋರ್ಟಿಗೆ ಅಲೆಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಜಪಾನಿನ ಹಳೆಯ ಯಂತ್ರವನ್ನೇ ಬಯಸುವವರಿಗೆ ಈಗ ನೇರವಾದ ದಾರಿಯೊಂದು ತೆರೆದಿದೆ. ಮೊದಲು 1950ಕ್ಕಿಂತ ಹಿಂದಿನ ಕಾರುಗಳಿಗೆ ಮಾತ್ರ ಇದ್ದ ಪುರಾತನ ವಾಹನಗಳ ಆಮದು ಸವಲತ್ತನ್ನು 2025ರಲ್ಲಿ ಐವತ್ತು ವರ್ಷ ತುಂಬಿದ ಎಲ್ಲ ಕಾರುಗಳಿಗೂ ವಿಸ್ತರಿಸಿದ್ದಾರೆ. 2021ರ ನಿಯಮಗಳ ಪ್ರಕಾರ ಅವಕ್ಕೆ ‘ವಿಎ’ ಅಕ್ಷರಗಳಿರುವ ಬೇರೆಯೇ ಫಲಕ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸಕೂಡದು. ಪ್ರದರ್ಶನ, ರ‍್ಯಾಲಿಗಳಿಗೆ ಹೋಗಿಬರಬಹುದು, ಪೆಟ್ರೋಲ್ ತುಂಬಿಸಲೂ ದುರಸ್ತಿಗೂ ಒಯ್ಯಬಹುದು. ಸುಂಕದ ವಿನಾಯಿತಿಯಂತೂ ಇಲ್ಲ. 1969ರ ಮೊದಲ ಸ್ಕೈಲೈನ್ ಜಿಟಿ-ಆರ್, ಅದೇ ವರ್ಷದ ಡಾಟ್ಸನ್ 240ಝಡ್ ಈ ವಯಸ್ಸನ್ನು ಆಗಲೇ ದಾಟಿವೆ. ಪಿರಿಯಾಪಟ್ಟಣದ ತರುಣನ 1999ರ ಕಾರಿಗೆ ಐವತ್ತು ತುಂಬುವುದು 2049ರಲ್ಲಿ.